ಕಂಡಕ್ಟರ್ ಯಮುನಮ್ಮ ಹರಾಜಿಗೆ ಹೋದದ್ದು

ದೊಡ್ಡನೆಕ್ಕುಂದಿಯ ಯಮುನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಆದಾಗ ಊರಿನವರೆಲ್ಲ ಮೂಗು ಮುರಿದರು. ಮುರಿಯದೆ ಇನ್ನೇನು ಮಾಡುತ್ತಾರೆ? ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಬಾಡಿಗೆ ಮನೆಗಳು ಎದ್ದಿದ್ದವು. ಗಂಡ ಕೆಂಪರಾಜ್‌ಗೆ ಫ್ಯಾಕ್ಟರಿಯಲ್ಲಿ ಕಾಯಂ ಕೆಲಸ. ತಿಂಗಳಾದರೆ ಬಾಡಿಗೆ ತಾನಾಗಿ ಬಾಗಿಲಿಗೆ ಬರುವಂಥ ಮನೆಯ ಸೊಸೆ ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಶಿವಾಜಿನಗರಕ್ಕೂ ಕೆ.ಆರ್. ಪುರಕ್ಕೂ ಓಡಾಡುವುದೆಂದರೆ ಜನಕ್ಕೆ ಮಾತಾಡಲು ಬೇಕಾದಷ್ಟಾಯಿತು. ಅತ್ತೆ ಆಂಜನಮ್ಮ ಮಾತ್ರ ಒಂದೇ ಮಾತು ಕೇಳಿದರು, ಊಟ ಕಟ್ಟಿಕೊಂಡು ಹೋಗ್ತೀಯೋ ಇಲ್ಲ ಮಧ್ಯಾಹ್ನ ಬರ್ತೀಯೋ ಅಂತ. ಅಲ್ಲಿಗೆ ಮನೆಯೊಳಗಿನ ವಿಚಾರಣೆ ಮುಗಿಯಿತು.

ಯಮುನಮ್ಮನಿಗೆ ಆ ಕೆಲಸದ ಮೇಲೆ ಪ್ರಾಣ. ಮನೆಯಲ್ಲಿ ಕೂತರೆ ಸಿಗುವುದು ಅದೇ ನಾಲ್ಕು ಮುಖ, ಬಸ್ಸಿನಲ್ಲಾದರೆ ಇಡೀ ಕಂಟೋನ್ಮೆಂಟು ಹತ್ತಿ ಇಳಿಯುತ್ತಿತ್ತು. ಹಲಸೂರಿನಲ್ಲಿ ಹೂವಿನ ಬುಟ್ಟಿಯ ತಮಿಳು ಹೆಂಗಸರು, ಇಂದಿರಾನಗರದಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗರು, ಶಿವಾಜಿನಗರದಲ್ಲಿ ಮೂಟೆ ಸಮೇತ ಹತ್ತಿ ಲಗೇಜ್ ಟಿಕೆಟ್ಟಿಗೆ ಜಗಳ ತೆಗೆಯುವ ವ್ಯಾಪಾರಿಗಳು. ಎಲ್ಲರೊಂದಿಗೂ ಅವರವರ ಭಾಷೆಯಲ್ಲೇ ಜಗಳವಾಡಲು ಅವಳು ಬೇಗ ಕಲಿತಳು. ಆದರೆ ಅವಳ ಹೆಸರು ಆ ಮಾರ್ಗದಲ್ಲೆಲ್ಲ ನಿಂತದ್ದು ಬೇರೆ ಕಾರಣಕ್ಕೆ. ವಯಸ್ಸಾದವರು ನಿಂತಿರುವುದು ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು. ಕೂತವರಲ್ಲಿ ಒಬ್ಬನನ್ನು ಎಬ್ಬಿಸಿ ಅವರನ್ನು ಕೂರಿಸುವ ತನಕ ಬಸ್ಸಿಗೆ ರೈಟ್ ಕೊಡುತ್ತಿರಲಿಲ್ಲ. ಡ್ರೈವರು ಹಾರ್ನ್ ಹೊಡೆದರೂ ಅಷ್ಟೆ, ಹಿಂದಿನ ಬಸ್ಸಿನವನು ಬೈದರೂ ಅಷ್ಟೆ. ಕಾಲೇಜು ಹುಡುಗರು ಅವಳನ್ನು ಕಂಡರೆ ಮುಂಚೆಯೇ ಎದ್ದು ನಿಲ್ಲುತ್ತಿದ್ದರು.

ಈ ಬಸ್ಸಿನಲ್ಲೇ ಅವಳಿಗೆ ನಾಣ್ಯದ ಹುಚ್ಚು ಹತ್ತಿದ್ದು. ಒಂದು ದಿನ ಹಲಸೂರಿನ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕೊಟ್ಟ ಚಿಲ್ಲರೆಯಲ್ಲಿ ಹಿತ್ತಾಳೆಯ ಇಪ್ಪತ್ತು ಪೈಸೆಯೊಂದಿತ್ತು. ಅದರ ಮೇಲೆ ಅರಳಿದ ತಾವರೆ. ಇಷ್ಟು ಚಂದದ್ದನ್ನು ಡಿಪೋದ ಚೀಲಕ್ಕೆ ಸುರಿಯಲು ಯಮುನಮ್ಮನಿಗೆ ಮನಸ್ಸಾಗಲಿಲ್ಲ. ಆದರೆ ಕಂಡಕ್ಟರಿನ ಬ್ಯಾಗು ಎಂದರೆ ಸುಮ್ಮನೆ ಅಲ್ಲ. ಡ್ಯೂಟಿ ಹತ್ತುವ ಮುಂಚೆ ಸ್ವಂತ ದುಡ್ಡು ಎಷ್ಟಿದೆ ಎಂದು ಬರೆಸಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿ ಎಣಿಸಿದಾಗ ಬ್ಯಾಗಿನಲ್ಲಿ ಹೆಚ್ಚಿದ್ದರೂ ಕಷ್ಟ, ಕಡಿಮೆಯಿದ್ದರೂ ಕಷ್ಟ. ಹಾಗಾಗಿ ಮಾರನೇ ದಿನದಿಂದ ಯಮುನಮ್ಮ ಹತ್ತು ರೂಪಾಯಿಯ ಚಿಲ್ಲರೆಯನ್ನು ಸ್ವಂತದ್ದೆಂದು ಬರೆಸಿ ಕೋಟಿನ ಜೇಬಿಗೆ ಹಾಕಿಕೊಂಡೇ ಬಸ್ಸು ಹತ್ತಿದಳು. ಚಂದದ್ದೊಂದು ಕೈಗೆ ಬಂದರೆ ಅದು ಜೇಬಿಗೆ, ಅಷ್ಟೇ ಬೆಲೆಯದು ಜೇಬಿನಿಂದ ಬ್ಯಾಗಿಗೆ. ಚೆಕಿಂಗ್ ಇನ್ಸ್‌ಪೆಕ್ಟರ್ ಮುನಿನಾರಾಯಣಪ್ಪನವರಿಗೆ ಇದು ಗೊತ್ತಿತ್ತು. ಲೆಕ್ಕ ಸರಿಯಾಗಿದ್ದುದರಿಂದ ಅವರು ಬರೆಯುವಂಥದ್ದೇನೂ ಇರಲಿಲ್ಲ, ಇವತ್ತು ಯಾವ ರಾಜ ಹತ್ತಿದ ಎಂದು ಕೇಳಿ ನಗುತ್ತಿದ್ದರು.

ಹೀಗೆ ಅಲೆಯಂಚಿನ ಹತ್ತು ಪೈಸೆ ಬಂತು, ಚೌಕದ ಐದು ಪೈಸೆ ಬಂತು, ಎಂಟಾಣೆ ಎಂದು ನಂಬಿಸಿ ಯಾರೋ ತಳ್ಳಿದ ಸಿಂಹಳದ ನಾಣ್ಯವೂ ಬಂತು. ಆಂಜನಮ್ಮ ಇದನ್ನೆಲ್ಲ ತುಕ್ಕಿನ ಡಬ್ಬಿ ಎಂದು ಕರೆದರು. ಮಗಳು ಹಂಸ ಕಾಲೇಜಿಗೆ ಹೋಗುವ ಹೊತ್ತಿಗೆ ಡಬ್ಬಿ ಹೋಗಿ ಆಲ್ಬಮ್ ಆಯಿತು. ನಾಣ್ಯದ ಇಸವಿಯ ಕೆಳಗಿನ ಗುರುತು ನೋಡಿದರೆ ಅದು ಎಲ್ಲಿ ತಯಾರಾಯಿತು ಎಂದು ತಿಳಿಯುತ್ತದೆ ಎಂದು ತೋರಿಸಿಕೊಟ್ಟದ್ದೂ ಹಂಸಳೇ. ಹೈದರಾಬಾದಿಗೆ ನಕ್ಷತ್ರ, ಮುಂಬೈಗೆ ವಜ್ರ, ನೋಯ್ಡಾಗೆ ಚುಕ್ಕೆ. ಯಮುನಮ್ಮ ಎಲ್ಲ ಕೇಳಿಸಿಕೊಂಡು, ಹಾಗಾದರೆ ನಮ್ಮ ಬೆಂಗಳೂರಿಗೆ ಯಾವ ಗುರುತು ಎಂದು ಕೇಳಿದಳು. ಬೆಂಗಳೂರಿಗೆ ಗುರುತೇ ಇಲ್ಲ, ಇಲ್ಲಿ ನಾಣ್ಯ ತಯಾರಾಗುವುದೇ ಇಲ್ಲ ಎಂದಳು ಹಂಸ. ಅಮ್ಮನ ಮುಖ ಬಾಡಿದ್ದನ್ನು ಕಂಡು ಮೊಬೈಲಿನಲ್ಲಿ ಹುಡುಕಿ, ಈಗ ಇಲ್ಲ, ಒಂದು ಕಾಲಕ್ಕೆ ಇತ್ತಂತೆ ಎಂದಳು. ಮೈಸೂರಿನ ಟಂಕಸಾಲೆ ಸಾವಿರದ ಎಂಟುನೂರ ಮೂವತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು, ಹತ್ತು ವರ್ಷ ತಾಮ್ರದ ಕಾಸು ಅಚ್ಚು ಹಾಕಿ ಮುಚ್ಚಿಹೋಗಿತ್ತು. ಮೊಬೈಲಿನಲ್ಲಿ ಅದರ ಚಿತ್ರವೂ ಇತ್ತು. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಅಕ್ಷರ.

ಅವತ್ತಿನಿಂದ ಆ ಕಾಸು ಯಮುನಮ್ಮನ ತಲೆಯೊಳಗೆ ಸೀಟು ಹಿಡಿದು ಕೂತುಬಿಟ್ಟಿತು. ಬಸ್ಸಿನಲ್ಲಿ ಅದು ಸಿಗುವ ಮಾತೇ ಇರಲಿಲ್ಲ, ಹಾಗಿದ್ದೂ ಮುದುಕಿಯರು ಸೆರಗಿನ ಗಂಟಿಗೆ ಕೈ ಹಾಕಿದಾಗಲೆಲ್ಲ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅಷ್ಟು ವರ್ಷ ಊರೆಲ್ಲ ಸುತ್ತಿದವಳ ಹತ್ತಿರ ದೇಶದ ನಾಣ್ಯವೆಲ್ಲ ಇದೆ, ತನ್ನ ಊರಿನದೊಂದಿಲ್ಲ. ಈ ಕೊರಗನ್ನು ಗಂಡನ ಹತ್ತಿರ ಹೇಳಿದರೆ, ತರಕಾರಿಯಾಗಿದ್ದರೆ ಕೆ.ಆರ್. ಪುರದ ಸಂತೆಯಲ್ಲಿ ತಂದುಕೊಡುತ್ತಿದ್ದೆ ಎಂದು ಕೆಂಪರಾಜ್ ಮತ್ತೆ ಪೇಪರಿಗೆ ಮುಖ ಹಾಕಿದ.

ಹೋದ ವರ್ಷ ಅವಳಿಗೆ ನಿವೃತ್ತಿಯಾಯಿತು. ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಮುಗಿದು ಮನೆಯಲ್ಲಿ ಕೂತು ಬೇಸರ ಹತ್ತುವಷ್ಟರಲ್ಲಿ ಹಂಸ ಒಂದು ದಪ್ಪ ಪುಸ್ತಕ ತಂದು ಮುಂದಿಟ್ಟಳು. ಹಲಸೂರು ಕೆರೆಯ ಹತ್ತಿರದ ಹೋಟೆಲಿನಲ್ಲಿ ಹಳೆಯ ನಾಣ್ಯ ಮತ್ತು ನೋಟುಗಳ ಹರಾಜು, ಅದರ ಕ್ಯಾಟಲಾಗ್. ನಡುವಿನ ಪುಟವೊಂದರಲ್ಲಿ ಆ ಕಾಸೇ ಇತ್ತು, ಬೆಂಗಳೂರಿನ ಟಂಕಸಾಲೆ ಎಂದು ಪಕ್ಕದಲ್ಲಿ ಬರೆದಿತ್ತು. ಯಮುನಮ್ಮ ಪೆನ್ನು ತೆಗೆದುಕೊಂಡು ಅದರ ಸುತ್ತ ಮೂರು ಸಲ ಸುತ್ತು ಹಾಕಿದಳು. ನಿವೃತ್ತಿಯ ದುಡ್ಡಿನಲ್ಲಿ ಹದಿನೈದು ಸಾವಿರ ತನಗೆಂದು ಎತ್ತಿಟ್ಟಳು. ಮಗಳ ಫೀಸು, ಮನೆಗೆ ಸುಣ್ಣಬಣ್ಣ, ಅತ್ತೆಯ ಕಣ್ಣಿನ ಆಪರೇಷನ್ನು ಎಂದು ಖರ್ಚು ಮಾಡಿದವಳು ತನಗಾಗಿ ಇಷ್ಟು ದುಡ್ಡು ಎತ್ತಿಟ್ಟದ್ದು ಅದೇ ಮೊದಲು, ಅದಕ್ಕೆ ಅವಳಿಗೆ ಚೂರೂ ಸಂಕೋಚವಾಗಲಿಲ್ಲ.

ಹರಾಜಿನ ದಿನ ಹಂಸಳಿಗೆ ಆಫೀಸು. ಹೆಸರು ನೋಂದಾಯಿಸಿ, ಹೇಗೆ ಕೂಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಪಾಠ ಹೇಳಿ ಕಳಿಸಿದ್ದಳು. ನಿಜವಾಗಿ ಕೂಗುವಂತೆಯೇ ಇರಲಿಲ್ಲ. ನಂಬರು ಬರೆದ ಹಲಗೆಯೊಂದನ್ನು ಕೈಗೆ ಕೊಟ್ಟಿದ್ದರು, ಬೇಕಾದಾಗ ಅದನ್ನೆತ್ತಿದರೆ ಸಾಕು. ಯಮುನಮ್ಮ ಒಳಗೆ ಹೋಗಿ ಬಾಗಿಲಿನ ಪಕ್ಕದ ಕುರ್ಚಿ ಹಿಡಿದಳು. ಅಭ್ಯಾಸ. ವೇದಿಕೆಯ ಮೇಲೆ ಟೈ ಕಟ್ಟಿದ ಹರಾಜುಗಾರ ಸುತ್ತಿಗೆ ಹಿಡಿದು ನಿಂತಿದ್ದ. ಮೊದಲು ನೋಟುಗಳು ಬಂದವು. ರಾಜನ ತಲೆಯ ನೂರು ರೂಪಾಯಿಯ ನೋಟೊಂದು ಲಕ್ಷ ದಾಟಿ ಹೋಯಿತು. ನೂರರ ನೋಟು ಕೊಟ್ಟವರಿಗೆಲ್ಲ ಚಿಲ್ಲರೆಯಿಲ್ಲ, ಇಳೀರಿ ಎಂದು ಗದರಿಸಿ ಜೀವನ ಕಳೆದ ಯಮುನಮ್ಮನಿಗೆ ಒಳಗೊಳಗೇ ನಗು ಬಂತು. ಪಕ್ಕದಲ್ಲಿ ಹೇಳಿಕೊಳ್ಳೋಣ ಎಂದರೆ ಎಲ್ಲರ ಮುಖವೂ ಪರೀಕ್ಷೆ ಬರೆಯುವವರ ಹಾಗೆ ಬಿಗಿದುಕೊಂಡಿತ್ತು.

ಕಾಸಿನ ಸರದಿ ಬಂದಾಗ ಅವಳು ಕುರ್ಚಿಯ ತುದಿಗೆ ಸರಿದಳು. ಏಳು ಸಾವಿರದಿಂದ ಶುರು. ಯಮುನಮ್ಮ ಹಲಗೆ ಎತ್ತಿದಳು. ಮುಂದಿನ ಸಾಲಿನಲ್ಲೊಬ್ಬ ಎತ್ತಿದ, ಇವಳೂ ಎತ್ತಿದಳು. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಆನ್‌ಲೈನ್‌ನಲ್ಲಿ ಕೂಗಿದವರ ಪರವಾಗಿ ಒಂದು ಸಲ ಕೈ ಎತ್ತಿದಳು, ಇವಳು ಮತ್ತೆ ಎತ್ತಿದಳು. ಮುಂದಿನ ಸಾಲಿನವನು ತಲೆಯಾಡಿಸಿ ಸುಮ್ಮನಾದ, ಆನ್‌ಲೈನೂ ಸುಮ್ಮನಾಯಿತು. ಒಂಬತ್ತು ಸಾವಿರಕ್ಕೆ ಯಮುನಮ್ಮನ ನಂಬರಿನಲ್ಲಿ ಬೆಲೆ ನಿಂತಿತು. ಇನ್ನೇನು, ಕಾಸು ಅವಳದೇ.

ಆಗಲೇ ಬಾಗಿಲು ತೆರೆದು ವಯಸ್ಸಾದವರೊಬ್ಬರು ಒಳಗೆ ಬಂದರು. ಬಿಳಿ ಗಡ್ಡ, ಕಪ್ಪು ಟೋಪಿ, ಕೈಯಲ್ಲಿ ಕೋಲು. ಏದುಸಿರು ಬಿಡುತ್ತ ಸುತ್ತಲೂ ನೋಡಿ, ಜಾಗವಿಲ್ಲದೆ ಗೋಡೆಗೆ ಒರಗಿ ನಿಂತರು. ಅವರೆದುರಿಗೇ ಒಬ್ಬ ಹುಡುಗ ಒಂದು ಕುರ್ಚಿಯಲ್ಲಿ ತಾನು ಕೂತು ಇನ್ನೊಂದರಲ್ಲಿ ತನ್ನ ಲ್ಯಾಪ್‌ಟಾಪ್ ಬ್ಯಾಗು ಕೂರಿಸಿಕೊಂಡಿದ್ದ. ಯಮುನಮ್ಮನ ಕಣ್ಣಿಗೆ ಅದು ಬಿತ್ತು. ಬಿದ್ದ ಮೇಲೆ ಅವಳು ಹರಾಜಿನಲ್ಲಿದ್ದಾಳೋ ಬಸ್ಸಿನಲ್ಲಿದ್ದಾಳೋ ಎಂದು ಯೋಚಿಸುವಷ್ಟು ಪುರುಸೊತ್ತು ಅವಳ ಕಾಲಿಗಿರಲಿಲ್ಲ.

“ಏನ್ರೀ, ಬ್ಯಾಗಿಗೂ ಸೀಟು ತಗೊಂಡಿದ್ದೀರಾ? ಎತ್ಕೊಳ್ಳಿ. ಹಿರಿಯರು ನಿಂತಿದ್ದಾರೆ.”

ಹುಡುಗ ಫ್ರೆಂಡ್ ಬರ್ತಾನೆ ಎಂದು ಏನೋ ಗೊಣಗಿದ. ಫ್ರೆಂಡ್ ಬಂದಾಗ ನೋಡಿಕೊಳ್ಳೋಣ ಎಂದು ಯಮುನಮ್ಮ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿ, ಬ್ಯಾಗನ್ನು ತಾನೇ ಎತ್ತಿ ಅವನ ತೊಡೆಯ ಮೇಲಿಟ್ಟಳು. ಮುದುಕರ ಮೊಣಕೈ ಹಿಡಿದು ಕುರ್ಚಿಗೆ ಕೂರಿಸಿದಳು. ಉರುಳಿಬಿದ್ದ ಕೋಲನ್ನು ಬಗ್ಗಿ ಎತ್ತಿಕೊಟ್ಟಳು. ಈ ಗಲಾಟೆಯ ನಡುವೆ ಹಿಂದುಗಡೆ ಹರಾಜುಗಾರ ಏನೋ ಹೇಳುತ್ತಿದ್ದ, ಸುತ್ತಿಗೆ ಟಕ್ ಎಂದಿತು. ನನ್ನ ಕಾಸು ನನಗೆ ಬಂತು ಎಂದುಕೊಂಡು ಅವಳು ಹಿಗ್ಗಿನಿಂದ ಬಂದು ತನ್ನ ಜಾಗದಲ್ಲಿ ಕೂತಳು. ಆಮೇಲೆ ಬಂದ ಚಿನ್ನದ ವರಹಗಳ ಕಡೆಗೆ ಅವಳ ಗಮನವೇ ಇರಲಿಲ್ಲ. ಅತ್ತೆಗೆ ತೋರಿಸಿದಾಗ ಅವರು ಏನೆಂದು ಹಂಗಿಸಬಹುದು ಎಂದು ಯೋಚಿಸುತ್ತ ಖುಷಿಯಾಗಿ ಕಾಲ ಕಳೆದಳು.

ಟೀ ಬಿಡುವಿನಲ್ಲಿ ದುಡ್ಡು ಕಟ್ಟಲು ಹೋದರೆ ಮೇಜಿನ ಹಿಂದಿದ್ದ ಗುಮಾಸ್ತೆ ನಂಬರು ನೋಡಿ, ನಿಮಗೇನೂ ಬಂದಿಲ್ಲವಲ್ಲ ಮೇಡಂ ಎಂದ. ಸಿಂಹದ ಕಾಸು ಒಂಬತ್ತೂವರೆ ಸಾವಿರಕ್ಕೆ ಬಷೀರ್ ಸಾಹೇಬರಿಗೆ ಹೋಯಿತು ಎಂದ. ಯಾರು ಬಷೀರ್ ಸಾಹೇಬರು ಎಂದು ಕೇಳಿದ್ದಕ್ಕೆ, ನೀವೇ ಸೀಟು ಕೊಡಿಸಿದಿರಲ್ಲ, ಅವರೇ ಎಂದು ಕಿಟಕಿಯ ಹತ್ತಿರದ ಟೇಬಲ್ಲಿಗೆ ಕೈ ತೋರಿಸಿದ. ಮುದುಕರು ಕೂತ ತಕ್ಷಣ, ಬಾಗಿಲಲ್ಲಿ ಪಡೆದಿದ್ದ ತಮ್ಮ ಹಲಗೆ ಎತ್ತಿದ್ದರು. ಹರಾಜುಗಾರ ಯಮುನಮ್ಮನ ಕಡೆ ನೋಡಿದ್ದ, ಆಗ ಅವಳು ಅವನಿಗೆ ಬೆನ್ನು ಹಾಕಿ ಅವರ ಕೋಲು ಹುಡುಕುತ್ತಿದ್ದಳು.

ಯಮುನಮ್ಮನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗದೆ ಎಲ್ಲರ ಮೇಲೂ ಬಂತು, ಬ್ಯಾಗಿನ ಹುಡುಗನ ಮೇಲೆ, ಟೈಯವನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ. ಗುಮಾಸ್ತೆ ಒಳ್ಳೆಯವನು. ಅವಳ ಮುಖ ನೋಡಿ ದನಿ ತಗ್ಗಿಸಿ, ನಿಮ್ಮದು ನ್ಯಾಯವಾದ ತಕರಾರೇ, ಸಾಹೇಬರು ಒಪ್ಪಿದರೆ ಇದೊಂದನ್ನು ಬಿಡುವಿನ ಮೇಲೆ ಮತ್ತೆ ಕೂಗಿಸುತ್ತೇವೆ, ಹೋಗಿ ಕೇಳಿ ಎಂದ. ಯಮುನಮ್ಮ ಸೆರಗು ಸಿಕ್ಕಿಸಿಕೊಂಡು ಕೇಳಿಯೇಬಿಡುತ್ತೇನೆಂದು ಹೊರಟಳು. ಹದಿನೈದು ಸಾವಿರ ಇನ್ನೂ ಕೈಯಲ್ಲಿ ಹಾಗೇ ಇತ್ತು.

ಅವಳು ಬಾಯಿ ತೆರೆಯುವ ಮುಂಚೆಯೇ ಬಷೀರ್ ಸಾಹೇಬರು ಎದ್ದು ನಿಲ್ಲಲು ನೋಡಿದರು, ಕೂತುಕೊಳ್ಳಿ ಎಂದು ಇವಳೇ ಕೂರಿಸಬೇಕಾಯಿತು. ಅಮ್ಮಾ, ನಿಮ್ಮಿಂದ ಕೆಲಸ ಆಯ್ತು ಎಂದು ಅವರು ಶುರು ಮಾಡಿದರು. ಶಿವಾಜಿನಗರದಲ್ಲಿ ಅವರದು ಸೈಕಲ್ ಬಿಡಿಭಾಗಗಳ ಅಂಗಡಿ, ಮನೆ ಪುಲಿಕೇಶಿನಗರದ ಮಾಸ್ಕ್ ರೋಡು. ಈ ಕಾಸಿಗಾಗಿ ಹಿಂದೆ ಎರಡು ಹರಾಜಿಗೆ ಬಂದು ಬರಿಗೈಯಲ್ಲಿ ಹೋಗಿದ್ದರು. ಪ್ರತಿಸಲವೂ ಜಾಗ ಸಿಗದೆ ಹಿಂದೆ ನಿಂತಿದ್ದು, ಕೋಲನ್ನು ಗೋಡೆಗೆ ಒರಗಿಸಿ ಹಲಗೆ ಎತ್ತುವಷ್ಟರಲ್ಲಿ ಸುತ್ತಿಗೆ ಬಿದ್ದಿರುತ್ತಿತ್ತು. ಇವತ್ತೂ ಹಾಗೇ ಆಗುತ್ತಿತ್ತು, ನೀವು ಕೂರಿಸಿದಿರಿ, ನಾನು ಸುತ್ತಿಗೆಯವನಿಗೆ ಕಂಡೆ ಎಂದರು. ಹೇಳುವಾಗ ಅವರ ಗಡ್ಡವೆಲ್ಲ ನಗುತ್ತಿತ್ತು. ಮತ್ತೆ ಕೂಗಿಸೋಣ ಎಂದು ಕೇಳಲು ಬಂದಿದ್ದ ಯಮುನಮ್ಮ ಕ್ಯಾಟಲಾಗನ್ನು ಟೇಬಲ್ಲಿನ ಮೇಲಿಟ್ಟು ಎದುರಿಗೆ ಕೂತಳು.

ಅವರು ಪ್ಲಾಸ್ಟಿಕ್ ಕವರಿನಿಂದ ಕಾಸನ್ನು ತೆಗೆದು ಅವಳ ಅಂಗೈ ಮೇಲಿಟ್ಟರು. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಇದರಲ್ಲಿ ಏನು ಬರೆದಿದೆ ಓದಿ ಎಂದರು. ತಾಮ್ರ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಸಿಂಹ ಮೊಬೈಲಿನಲ್ಲಿ ಕಂಡಷ್ಟು ಗಂಭೀರವಾಗಿರಲಿಲ್ಲ, ಸ್ವಲ್ಪ ಬೆಕ್ಕಿನ ಕಳೆಯಿತ್ತು. ಯಮುನಮ್ಮ ಕನ್ನಡಕ ಹಾಕಿಕೊಂಡು ಹಿಂದಿನ ಮುಖ ತಿರುಗಿಸಿ ಒಂದೊಂದೇ ಅಕ್ಷರ ಕೂಡಿಸಿದಳು.

“ಮಯಿಲಿ... ಕಾಸು... ಇಪ್ಪತ್ತು.”

ಸಾಹೇಬರು ಅದನ್ನು ಮೆಲ್ಲಗೆ ತಾವೂ ಒಮ್ಮೆ ಹೇಳಿಕೊಂಡು, ಮಯಿಲಿ ಕಾಸು ಅಂದರೆ ಆ ಕಾಲದ ತಾಮ್ರದ ಕಾಸಿನ ಹೆಸರು ಎಂದರು. ಆಮೇಲೆ ಅವಳ ಅಂಗೈಯಲ್ಲೇ ಕಾಸನ್ನು ಸ್ವಲ್ಪ ತಿರುಗಿಸಿ, ಬಳ್ಳಿಯ ಹಾಗೆ ಕಾಣುತ್ತಿದ್ದ ಪರ್ಷಿಯನ್ ಲಿಪಿಯ ಗೆರೆಗಳ ಮೇಲೆ ಉಗುರಿಟ್ಟು, ಇದು ನನ್ನ ಪಾಲು ಎಂದು ಓದಿದರು, ಜರ್ಬ್ ಮೈಸೂರ್. ಜರ್ಬ್ ಅಂದರೆ ಅಚ್ಚು ಹಾಕಿದ್ದು. ಮೈಸೂರೇ, ಬೆಂಗಳೂರಲ್ಲವೇ ಎಂದು ಯಮುನಮ್ಮ ಗಾಬರಿಯಾದಳು. ಅವರು ನಕ್ಕರು. ಟಂಕಸಾಲೆ ಬೆಂಗಳೂರಿಗೆ ಬಂದರೂ ಹೆಸರು ಬದಲಾಯಿಸಲಿಲ್ಲ, ನಮ್ಮ ಅಂಗಡಿಯ ಬೋರ್ಡಿನಲ್ಲೂ ಇನ್ನೂ ನಮ್ಮಪ್ಪನ ಹೆಸರೇ ಇದೆ ಎಂದರು. ಕಾಸಿನ ಮೇಲೆ ಇಂಗ್ಲಿಷೂ ಇತ್ತು. ಬೋರ್ಡಿನಲ್ಲೂ ಹಾಗೇ ಮೂರು ಲಿಪಿಯಂತೆ, ಅದಕ್ಕೇ ಈ ಕಾಸಿನ ಮೇಲೆ ಮನಸ್ಸು ಬಿತ್ತಂತೆ. ಇಬ್ಬರೂ ತಲೆ ಬಗ್ಗಿಸಿ, ಅಂಗೈಯಗಲವೂ ಇಲ್ಲದ ಆ ತಾಮ್ರವನ್ನು ಬಹಳ ಹೊತ್ತು ಓದಿದರು. ಟೀ ಆರಿಹೋಯಿತು.

ಅಷ್ಟರಲ್ಲಿ ಸಾಹೇಬರ ಕಣ್ಣು ಟೇಬಲ್ಲಿನ ಮೇಲೆ ಅವಳಿಟ್ಟಿದ್ದ ಕ್ಯಾಟಲಾಗಿನ ಮೇಲೆ ಬಿತ್ತು. ಪುಟ ಮಡಿಸಿತ್ತು, ಸಿಂಹದ ಸುತ್ತ ಪೆನ್ನಿನ ಸುತ್ತುಗಳಿದ್ದವು. ಅವರ ನಗು ಇಳಿಯಿತು.

“ಅಮ್ಮಾ, ನೀವೂ ಇದಕ್ಕೇ ಬಂದಿದ್ರಾ?”

“ಹೂಂ ಸಾಬ್ರೇ. ಒಂಬತ್ತಕ್ಕೆ ನನ್ ಹೆಸರಿಗೇ ನಿಂತಿತ್ತು,” ಎಂದಳು ಯಮುನಮ್ಮ. ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. ಇಷ್ಟು ಚಿಕ್ಕದಕ್ಕೆ ಅಳು ಬರುತ್ತದಲ್ಲ ಎಂದು ನಾಚಿಕೆಯಾಯಿತು.

ಬಷೀರ್ ಸಾಹೇಬರು ಕೋಲನ್ನು ಪಕ್ಕಕ್ಕಿಟ್ಟು, ಅವಳ ಬೆರಳುಗಳನ್ನು ಕಾಸಿನ ಮೇಲೆ ಮಡಿಸಲು ಸನ್ನೆ ಮಾಡಿದರು. “ಇಟ್ಕೊಳ್ಳಿ. ಸೀಟು ಕೊಡಿಸ್ದೋರದ್ದನ್ನೇ ಹೊಡ್ಕೊಂಡು ಮನೆಗೆ ಹೋದ್ರೆ ಜಹನಾರಾಗೆ ಏನ್ ಹೇಳ್ಲಿ ನಾನು? ಕಾಗದ ನಿಮ್ ಹೆಸರಿಗೆ ಬರೆಸ್ತೀನಿ.”

ಜಹನಾರಾ ಅವರ ಹೆಂಡತಿ. ಯಮುನಮ್ಮ ಬೆರಳು ಮಡಿಸಿದಳು. ಬೇಕಿತ್ತು ಅವಳಿಗೆ, ಬೇಡವೆಂದರೆ ಅದು ನಾಟಕವಾಗುತ್ತಿತ್ತು. ಮುಷ್ಟಿಯೊಳಗೆ ಕಾಸು ಬೆಚ್ಚಗಾಯಿತು. ಎದುರಿಗೆ ಮುದುಕರು ನಗಲು ಪ್ರಯತ್ನಿಸುತ್ತಿದ್ದರು, ಆದರೆ ಕಣ್ಣು ಮಾತ್ರ ಅವಳ ಮುಷ್ಟಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಆ ನೋಟ ಎಂಥದು ಎಂದು ಯಮುನಮ್ಮನಿಗಿಂತ ಚೆನ್ನಾಗಿ ಬಲ್ಲವರು ಆ ಹೋಟೆಲಿನಲ್ಲಿ ಯಾರೂ ಇರಲಿಲ್ಲ, ಸೆರಗಿನ ಗಂಟುಗಳನ್ನು ಅವಳು ನೋಡಿದ್ದು ಹಾಗೆಯೇ. ಅವಳು ಕೈ ಚಾಚಿ ಕಾಸನ್ನು ಅವರ ಕವರಿನೊಳಗೆ ಹಾಕಿದಳು.

“ಕೂರಿಸಿದ ಮೇಲೆ ಏಳಿ ಅಂತ ನಾನು ಯಾರ್ಗೂ ಹೇಳಿಲ್ಲ ಸಾಬ್ರೇ. ಆದ್ರೆ ಒಂದು. ನನಗೆ ನೋಡ್ಬೇಕು ಅನ್ಸಿದಾಗ ಬಂದು ನೋಡ್ತೀನಿ. ಆಗ ಇಲ್ಲ ಅನ್ಬಾರ್ದು.”

ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬನ್ನಿ ಎಂದು ಅವರು ಮನೆಯ ಗುರುತು ಹೇಳಿದರು. ಯಮುನಮ್ಮನಿಗೆ ಗುರುತು ಬೇಕಿರಲಿಲ್ಲ, ಯಾವ ಸ್ಟಾಪಿನಲ್ಲಿ ಇಳಿದರೆ ಹತ್ತಿರ ಎಂದು ಅವಳೇ ಅವರಿಗೆ ಹೇಳಿದಳು. ಗುಮಾಸ್ತೆ ದೂರದಿಂದ ಏನಾಯಿತು ಎಂದು ಹುಬ್ಬು ಹಾರಿಸಿದ್ದಕ್ಕೆ, ಎಲ್ಲ ಸರಿಹೋಯಿತು ಎಂದು ಕೈಯಾಡಿಸಿದಳು. ಮನೆಗೆ ಬರುವ ದಾರಿಯುದ್ದಕ್ಕೂ, ಸರಿಹೋಯಿತೇ ಎಂದು ತನ್ನನ್ನೇ ಕೇಳಿಕೊಂಡಳು. ಟಿನ್ ಫ್ಯಾಕ್ಟರಿ ಸ್ಟಾಪಿನ ತನಕ ಇಲ್ಲ ಎನ್ನಿಸುತ್ತಿತ್ತು. ಆಮೇಲೆ ಕಿಟಕಿಯ ಪಕ್ಕ ಸೀಟು ಸಿಕ್ಕಿ, ಗಾಳಿ ಬೀಸಿ, ಮನಸ್ಸು ಹಗುರಾಯಿತು. ಎತ್ತಿಟ್ಟ ಹದಿನೈದು ಸಾವಿರದಲ್ಲಿ ಹಂಸಳಿಗೊಂದು, ತನಗೊಂದು ರೇಷ್ಮೆ ಸೀರೆ ತೆಗೆದದ್ದು ಆಮೇಲಿನ ವಾರ.

ಈಗ ಯಮುನಮ್ಮ ತಿಂಗಳಿಗೆ ಎರಡು ಸಲವಾದರೂ ಮಾಸ್ಕ್ ರೋಡಿಗೆ ಹೋಗುತ್ತಾಳೆ. ಜಹನಾರಾ ಬಾಗಿಲು ತೆರೆದು ಕಾಸು ನೋಡಲು ಬಂದರಾ ಎಂದು ನಗುತ್ತ ಒಳಗೆ ಕರೆಯುತ್ತಾರೆ. ಸಾಹೇಬರು ಮಖಮಲ್ಲಿನ ಡಬ್ಬಿ ತಂದು ಮುಚ್ಚಳ ತೆಗೆದು, ತಾವು ಮುಟ್ಟದೆ, ಅವಳ ಮುಂದಿಡುತ್ತಾರೆ. ಅವಳು ಎತ್ತಿ ನೋಡಿ ಇಟ್ಟ ಮೇಲೆ ಟೀ, ಮೇಲೆ ಬೆಣ್ಣೆ ಬಿಸ್ಕತ್ತು, ಅವಳ ಆಲ್ಬಮ್ಮಿನ ಹೊಸ ಪುಟ, ಅಂಗಡಿಯ ಸುದ್ದಿ, ಜಹನಾರಾ ಅವರ ಮೊಣಕಾಲಿನ ನೋವು. ಸಾಹೇಬರಿಗೆ ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಅವಳು ಹೇಳಿಕೊಡುತ್ತಿದ್ದಾಳೆ. ಬೋರ್ಡಿನಲ್ಲಿ ತಮ್ಮಪ್ಪನ ಹೆಸರು ಎಲ್ಲಿದೆ ಎಂದು ಅವರು ಈಗ ಬೆರಳಿಟ್ಟು ತೋರಿಸುತ್ತಾರೆ.

ಮೊನ್ನೆ ಆಂಜನಮ್ಮ ವರಾಂಡದಲ್ಲಿ ಅವರೇಕಾಯಿ ಸುಲಿಯುತ್ತ ಕೂತಿದ್ದವರು, ಸೊಸೆ ಸೀರೆ ಉಟ್ಟು ಹೊರಟದ್ದನ್ನು ಕಂಡು ಕೇಳಿದರು. “ಅಲ್ಲ ಕಣಮ್ಮಿ, ಆ ಬೆಂಗ್ಳೂರ್ ಕಾಸು ಅಂತ ಅಷ್ಟು ಒದ್ದಾಡ್ದೆ. ಕಡೆಗೂ ಅದು ನಿಂಗೆ ಸಿಗ್ಲೇ ಇಲ್ವಾ?”

ಯಮುನಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಸಿಕ್ತಲ್ಲ ಅತ್ತೆ,” ಎಂದಳು. “ಮಾಸ್ಕ್ ರೋಡಲ್ಲಿ ಇಟ್ಟಿದ್ದೀನಿ.”